ಕುಡಿಯಲಾಗದ ನೀರಿಗೆ ಇಂಗ್ಲಿಷಿನ ಮಾತುಗಳು



ತರಬೇತಿಯೊಂದರಲ್ಲಿ, ನಲ್ಲಿಯ ಮೇಲೆ ‘ನಾನ್-ಪೋಟಬಲ್ ವಾಟರ್’ ಎಂದು ಬರೆದಿದ್ದರೆ ಏನೆಂದು ತಿಳಿಯುವಿರಿ ಎಂದು ಕೇಳಿದ್ದೆ. ‘ಪಾಟ್ ಎಂದರೆ ಪಾತ್ರೆ; ಪಾತ್ರೆಯಲ್ಲಿ ಹಿಡಿದಿಡಬಾರದ ನೀರು’ ಎಂದರು ಒಬ್ಬರು. ಊಹೆ ಸೊಗಸಾಗಿತ್ತು. ಆದರೆ ಬಾಯಾರಿದ ಮಗುವೊಂದು ಅದೇ ಊಹೆಯಿಂದ ಬೊಗಸೆಯೊಡ್ಡಿ ಕುಡಿದರೆ ಗತಿಯೇನು? ಆ ಶಬ್ದದ ಬೇರು ಕುಡಿಯುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಲ್ಲಿದೆ. ಸಂಸ್ಕೃತದ ‘ಪಾನ’ಕ್ಕೂ ಅದಕ್ಕೂ ದೂರದ ನಂಟುಂಟು. ಈ ನಂಟನ್ನು ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ.

‘ಅನ್‌ಡ್ರಿಂಕಬಲ್’ ಹೆಚ್ಚಾಗಿ ನಾಲಿಗೆಯ ದೂರು. ಸಕ್ಕರೆಯ ಬದಲು ಉಪ್ಪು ಬಿದ್ದ ಕಾಫಿಗೂ ಆ ಮಾತು ಸಲ್ಲುತ್ತದೆ. ನಾಲಿಗೆಗೆ ಹಿತವಾದ ನೀರು ಕೂಡ ‘ನಾನ್-ಪೋಟಬಲ್’ ಆಗಿರಬಹುದೆಂಬುದನ್ನು ಮಡಕಶಿರಾ ಸೀಮೆಯಿಂದ ಬಂದವರಿಗೆ ನಾನು ಹೇಳಬೇಕಾಗಿಲ್ಲ. ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದಂತೆ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಲ್ಲಿ 1.5ರವರೆಗೆ ಸಹಿಸಬಹುದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಮಾತ್ರ ಉಳಿಯುತ್ತದೆ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಆದ್ದರಿಂದ ‘ಡರ್ಟಿ ವಾಟರ್’ ಎಂಬುದೊಂದನ್ನೇ ಕಲಿಸಿ ಮುಂದೆ ಸಾಗುವ ಪರಿಪಾಠ ನನಗೆ ಒಪ್ಪಿಗೆಯಿಲ್ಲ. ತಿಳಿನೀರನ್ನು ಕಂಡ ಮಗು ಅದನ್ನು ‘ಕ್ಲೀನ್’ ಎಂದೇ ನಂಬುತ್ತದೆ. ಕಾಣದ ಕೇಡಿಗೆ ‘ಕಂಟ್ಯಾಮಿನೇಟೆಡ್’ ಎಂಬ ಮಾತು ಬೇಕೇ ಬೇಕು.

ಕಣ್ಣಿಗೆ ಕಾಣುವಂಥವು ಸುಲಭ: ಬಗ್ಗಡಕ್ಕೆ ‘ಟರ್ಬಿಡ್’, ನಿಂತು ಕೊಳೆತುದಕ್ಕೆ ‘ಸ್ಟ್ಯಾಗ್ನೆಂಟ್’. ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಗೆ ಕಡಲ ನೀರು ಏರಿ ಬೆರೆತಾಗ ಕಾಸರಗೋಡಿನವರು ಉಪ್ಪುನೀರು ಎನ್ನುವುದು ‘ಬ್ರ್ಯಾಕಿಷ್’; ಅದು ಕಡಲಿನಷ್ಟು ಉಪ್ಪಲ್ಲ, ಹೊಳೆಯಷ್ಟು ಸಪ್ಪೆಯೂ ಅಲ್ಲ. ಸಾಬೂನಿಗೆ ನೊರೆ ಬಾರದ ಗಡಸು ನೀರು ‘ಹಾರ್ಡ್’. ಮಂಜುಗಡ್ಡೆಯೇ ಹಾರ್ಡ್ ವಾಟರ್ ಎಂದು ಬರೆದ ಹುಡುಗನಿಗೆ ನಾನು ಅರ್ಧ ಅಂಕ ಕೊಟ್ಟದ್ದುಂಟು! ಗಡಸು ನೀರೆಲ್ಲ ಕುಡಿಯಲು ಅಯೋಗ್ಯವೆಂದೇನೂ ಅಲ್ಲ.

ಇಲ್ಲಿ ನಾವೇ ಎಡವುವ ಒಂದು ಎಡೆಯಿದೆ. ಸಿಹಿನೀರಿನ ಬಾವಿಯನ್ನು ‘ಸ್ವೀಟ್ ವಾಟರ್’ ಎಂದರೆ ಕೇಳಿದವರು ಪಾನಕವೆಂದುಕೊಂಡಾರು. ಅದು ‘ಫ್ರೆಶ್ ವಾಟರ್’. ಆದರೆ ಈ ‘ಫ್ರೆಶ್’ ಹೇಳುವುದು ಉಪ್ಪಿಲ್ಲವೆಂಬುದನ್ನಷ್ಟೇ. ಕೊಳಚೆ ಬೆರೆತ ಕೆರೆಯದೂ ಫ್ರೆಶ್ ವಾಟರೇ.

ಹುಳಿತ ಹಾಲು ‘ಸಾರ್’, ಕಮಟು ಎಣ್ಣೆ ‘ರ್‍ಯಾನ್ಸಿಡ್’. ಇವು ಅಡುಗೆಮನೆಯಲ್ಲೇ ಕಲಿತುಹೋಗುತ್ತವೆ. ತಂಪುಪಾನೀಯದ ಹಳೆಯ ಸೀಸೆಯಲ್ಲಿ ತುಂಬಿಟ್ಟ ಫಿನೈಲ್ ಹಾಗಲ್ಲ. ನಾಳೆ ಶಾಲೆಗೆ ಮರಳಿದೊಡನೆ ಅಂಥ ಸೀಸೆ ಇದ್ದರೆ ತೆಗೆಸಿರಿ. ಬಳಿಕ ಮಕ್ಕಳಿಂದಲೇ ಚೀಟಿ ಬರೆಸಿ ಫಿನೈಲಿನ ಡಬ್ಬಕ್ಕೂ ಕೈತೊಳೆಯುವ ನಲ್ಲಿಗೂ ಅಂಟಿಸಿರಿ: ಮೇಲೆ ಕನ್ನಡದಲ್ಲಿ, ನಡುವೆ ರಾಜ್ಯಭಾಷೆಯಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ.