ಚಿತ್ತಾರದ ಬೇರು ಕಾಡಿನಲ್ಲಿದೆ



ನಗರದ ಪ್ರಸಾಧನ ಕಲಾವಿದರು ಇಂದು ಆದಿವಾಸಿಗಳ ಮೈಮೇಲಿನ ಚಿತ್ತಾರಗಳಿಂದ ಸ್ಫೂರ್ತಿ ಪಡೆಯುತ್ತಿದ್ದಾರೆ. ಆ ಚಿತ್ತಾರಗಳ ಬಣ್ಣ ಎಲ್ಲಿಂದ ಬರುತ್ತದೆಂಬುದನ್ನು ವಿಚಾರಿಸೋಣ.

ಬ್ರೆಜಿಲ್ ದೇಶದ ಷಿಂಗು ನದಿಯ ಸೀಮೆಯಲ್ಲಿ ಕಯಾಪೊ ಜನರಿದ್ದಾರೆ. ಅವರ ಕೆಂಪು ಉರುಕುಂ ಗಿಡದ ಬೀಜದ್ದು. ಕಪ್ಪು ಜೆನಿಪಾಪೊ ಮರದ ಎಳೆಗಾಯಿಯದು. ಕಾಯಿಯ ರಸಕ್ಕೆ ಮೊದಲು ಬಣ್ಣವಿರದು. ಗೆರೆ ಕಾಣಲೆಂದು ಇದ್ದಿಲ ಪುಡಿ ಬೆರೆಸುತ್ತಾರೆ. ಚರ್ಮಕ್ಕೆ ತಾಗಿದ ರಸ ಕೆಲವೇ ತಾಸುಗಳಲ್ಲಿ ನೀಲಿಗಪ್ಪಾಗಿ, ನಮ್ಮ ಮದರಂಗಿಯಂತೆ ಒಂದೆರಡು ವಾರ ಉಳಿಯುತ್ತದೆ. ತಾಯಂದಿರು ತೆಳುವಾದ ಕಡ್ಡಿಯಿಂದ ಮಕ್ಕಳ ಮೈಮೇಲೆ ತಾಸುಗಟ್ಟಲೆ ಗೆರೆಯೆಳೆಯುತ್ತಾರೆ.

ಷಿಂಗು ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ವಿರೋಧಿಸಿ 1989ರ ಫೆಬ್ರುವರಿಯಲ್ಲಿ ಆದಿವಾಸಿಗಳು ಅಲ್ತಮಿರಾ ಪಟ್ಟಣದಲ್ಲಿ ನೆರೆದರು. ಇದೇ ಚಿತ್ತಾರ ಧರಿಸಿ ಬಂದ ಕಯಾಪೊ ಮಹಿಳೆ ತುಯಿರಾ, ವಿದ್ಯುತ್ ಸಂಸ್ಥೆಯ ಅಧಿಕಾರಿಯ ಕೆನ್ನೆಗೆ ಮಚ್ಚಿನ ಅಲಗನ್ನೊತ್ತಿ ಪ್ರತಿಭಟಿಸಿದರು. ಯೋಜನೆ ಆಗ ನಿಂತಿತು. ಆದರೆ ಬದಲಾದ ರೂಪದಲ್ಲಿ ಮರಳಿ ಬಂದ ಬೆಲೊ ಮೊಂಟೆ ಸ್ಥಾವರ 2016ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿತು.

ನ್ಯಾಯದ ದಾರಿಯೂ ಇದೆ. ಅದೇ ದೇಶದ ಯಾವನಾವಾ ಜನರು ಅಮೆರಿಕದ ಪ್ರಸಾಧನ ಕಂಪನಿಯೊಂದಕ್ಕೆ ಉರುಕುಂ ಬೆಳೆದುಕೊಡುವ ಒಪ್ಪಂದವನ್ನು 1993ರಲ್ಲಿ ಮಾಡಿಕೊಂಡರು. ತುಟಿಯ ಬಣ್ಣಕ್ಕೆ ಬೆಳೆಗಾರರಿದ್ದಾರೆಂದು ಅದು ಒಪ್ಪಿಕೊಂಡಂತೆ. ಬೀಜಕ್ಕೆ ಬೆಲೆಯಿದ್ದರೆ ಚಿತ್ತಾರಕ್ಕೆ ಏಕಿಲ್ಲ?

ಚಿತ್ತಾರವನ್ನು ಎರವಲು ಪಡೆಯುವವರು ಅದರ ಒಡೆಯರ ಹೆಸರು ಹೇಳಲಿ, ಒಪ್ಪಿಗೆ ಕೇಳಲಿ, ಗಳಿಕೆಯಲ್ಲಿ ಪಾಲು ಕೊಡಲಿ. ಆ ಮರ ನಿಂತಿರುವ ಕಾಡಿನ ಪರವಾಗಿಯೂ ಮಾತನಾಡಲಿ. ಮರ ಉರುಳಿದ ಮೇಲೆ ಉಳಿಯುವುದು ಬರಿಯ ಛಾಯಾಚಿತ್ರ.