ಹಳ್ಳಿಯ ಕೊಡವೂ ಪಟ್ಟಣದ ಮೋರಿಯೂ



ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಬಡ ಹಳ್ಳಿಗಳ ಕುಡಿಯುವ ನೀರು ಮತ್ತು ಶೌಚವ್ಯವಸ್ಥೆಯನ್ನು ಕುರಿತು ನಾಲ್ಕು ಮಾತು ಆಡಲು ಬಯಸುತ್ತೇವೆ. ಇವು ಎರಡು ಬೇರೆ ವಿಷಯಗಳೆಂದು ತೋರಬಹುದು. ಆದರೆ ಹೊಲಸು ಎಲ್ಲಿ ಸೇರುತ್ತದೆಂಬುದನ್ನು ವಿಚಾರಿಸದೆ ಶುದ್ಧ ನೀರನ್ನು ಕೊಡಲಾಗದು.

ಹಿರಿಯರಾದ ನಿಮ್ಮಲ್ಲಿ ಕೆಲವರಿಗೆ ನಾರುಹುಣ್ಣಿನ ಹೆಸರು ನೆನಪಿದ್ದೀತು. ಹುಣ್ಣಾದ ಕಾಲಿನಿಂದ ಮೆಟ್ಟಿಲು ಬಾವಿಗೆ ಇಳಿದವರಿಂದ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಆ ನೀರನ್ನು ಸೋಸದೆ ಕುಡಿದವರ ಮೈಯಿಂದ ಸುಮಾರು ಒಂದು ವರ್ಷದ ಬಳಿಕ ಉದ್ದನೆಯ ಹುಳು ಹೊರಬರುತ್ತಿತ್ತು. ಇದಕ್ಕೆ ಲಸಿಕೆ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಬಾವಿಗೆ ಇಳಿಯುವುದನ್ನು ತಪ್ಪಿಸಿ, ಕೊಳವೆಬಾವಿ ಕೊರೆದು ಈ ರೋಗವನ್ನು ಓಡಿಸಲಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ಪ್ರಮಾಣೀಕರಿಸಿತು.

ಕರ್ನಾಟಕದ ಹಳ್ಳಿಗಳಿಗೆ ಕೊಳವೆಬಾವಿಯ ನೀರನ್ನು ಮುಟ್ಟಿಸಿದವರಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಪ್ರಾತಃಸ್ಮರಣೀಯರು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರನ್ನು ಜನರು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದರು. 1988ರಲ್ಲಿ ಅವರು ತೀರಿಕೊಂಡರೂ ಆ ಹೆಸರು ಉಳಿದಿದೆ.

ಆದರೆ ಕೊಳವೆಬಾವಿಯೊಂದೇ ಸಾಲದು. ಬಹಳ ಆಳಕ್ಕೆ ಹೋದಲ್ಲಿ ಬಂಡೆಯ ಫ್ಲೋರೈಡ್ ನೀರಿನಲ್ಲಿ ಬೆರೆಯಬಹುದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಹಲ್ಲಿಗೂ ಮೂಳೆಗೂ ಕೇಡು. ಹತ್ತಿರದ ಶೌಚಗುಂಡಿಯಿಂದಲೂ ತಿಪ್ಪೆಯಿಂದಲೂ ನೈಟ್ರೇಟ್ ಇಳಿಯುತ್ತದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್, ನೈಟ್ರೇಟ್‌ಗಳು ಹೋಗುವುದಿಲ್ಲ. ಆದುದರಿಂದ ನೀರಿನ ಪರೀಕ್ಷೆಯೂ ಬಾವಿಗೆ ದೂರವಾದ ಶೌಚಗುಂಡಿಯೂ ಅಗತ್ಯ. ಎರಡು ಗುಂಡಿಗಳ ಶೌಚಾಲಯದಲ್ಲಿ ತುಂಬಿದ ಒಂದನ್ನು ಮುಚ್ಚಿಟ್ಟರೆ ಒಂದೆರಡು ವರ್ಷಗಳಲ್ಲಿ ಅದು ಗೊಬ್ಬರವಾಗುತ್ತದೆ. ಬಡವರ ಕೈಗೆಟಕುವ ಉಪಾಯವಿದು.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ನಲ್ಲಿಗಳಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ಅದರ ಮೊದಲ ಹಂತ ಪೂರ್ಣಗೊಂಡದ್ದು 1974ರಲ್ಲಿ. ನಾವು ಬಳಸಿ ಬಿಟ್ಟ ನೀರು ಹರಿಯುವುದು ವೃಷಭಾವತಿಯ ಕಣಿವೆಗೆ. ಮೈಸೂರು ರಸ್ತೆಯ ಪಕ್ಕದಲ್ಲಿ ಶುದ್ಧೀಕರಣ ಘಟಕವಿದ್ದರೂ ಎಲ್ಲ ಕೊಳಚೆಯೂ ಅದನ್ನು ಮುಟ್ಟುವುದಿಲ್ಲ. ಕೆಂಗೇರಿಯನ್ನು ದಾಟಿದ ಆ ಹೊಳೆ ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ರೈತರ ಹೊಲಗಳಿಗಾಗಿ ಕಟ್ಟಿದ ಕೆರೆಯಲ್ಲಿ ನಮ್ಮ ಮನೆಗಳ ಮತ್ತು ಕಾರ್ಖಾನೆಗಳ ನೊರೆ ತೇಲುತ್ತದೆ. ಸುತ್ತಲಿನ ಹಳ್ಳಿಗಳ ಅಂತರ್ಜಲವೂ ಕೆಟ್ಟಿದೆ. ಮುಂದೆ ಅದು ಅರ್ಕಾವತಿಯನ್ನು ಕೂಡಿ ಕಾವೇರಿಗೇ ಮರಳುತ್ತದೆ. ಕಾವೇರಿಯಿಂದ ತಿಳಿಯಾಗಿ ತಂದುದನ್ನು ನಾವು ಕೊಳಚೆಯಾಗಿ ಹಿಂದಿರುಗಿಸುತ್ತೇವೆ. ನಡುವಣ ಹಳ್ಳಿಯವರು ಅದರ ಬೆಲೆ ತೆರುತ್ತಾರೆ.

ಶುದ್ಧ ನೀರೂ ನೈರ್ಮಲ್ಯವೂ ಮಾನವ ಹಕ್ಕೆಂದು ವಿಶ್ವಸಂಸ್ಥೆಯು 2010ರಲ್ಲಿ ಸಾರಿತು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ತಮ್ಮ ‘ಲೌದಾತೋ ಸೀ’ ಪರಿಪತ್ರದಲ್ಲಿ ಶುದ್ಧ ಕುಡಿಯುವ ನೀರು ಮೂಲಭೂತ ಹಕ್ಕೆಂದು ಬೋಧಿಸಿದರು. ಯಕೋಬನ ಬಾವಿಯ ಬಳಿ ಸಮಾರಿಯದ ಹೆಂಗಸಿನಿಂದ ನೀರು ಬೇಡಿದ ಪ್ರಭುವಿನ ಅನುಯಾಯಿಗಳು ನಾವು. ನಮ್ಮ ಕೆಳಹರಿವಿನಲ್ಲಿರುವವರು ನಮ್ಮ ನೆರೆಯವರಲ್ಲವೇ?

ಆದಕಾರಣ ನಮ್ಮ ವಿನಂತಿ ಇಷ್ಟೇ. ಮನೆಯ ಕೊಳಚೆಯನ್ನು ಮಳೆನೀರಿನ ರಾಜಕಾಲುವೆಗೆ ಬಿಡದಿರೋಣ, ಒಳಚರಂಡಿಗೇ ಜೋಡಿಸೋಣ. ಶೌಚಗುಂಡಿ ಖಾಲಿಮಾಡುವ ಲಾರಿ ಅದನ್ನೆಲ್ಲಿ ಸುರಿಯುತ್ತದೆಂದು ಕೇಳೋಣ. ಹಳ್ಳಿಗಳಿಗೆ ಸೇವೆಗೆಂದು ಹೋಗುವ ನಮ್ಮ ಯುವಕ ಯುವತಿಯರು ಅಲ್ಲಿನ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿಕೊಡಲಿ. ನೂರು ವರ್ಷಗಳ ಕೃತಜ್ಞತೆಯನ್ನು ಹಾಡಿನಲ್ಲಿ ಹೇಳುವಂತೆ ಈ ಕೆಲಸಗಳಲ್ಲಿಯೂ ಹೇಳೋಣ.