ರಕ್ತಸ್ರಾವ ನಿಂತ ಮೇಲಿನ ಎರಡು ವಾರ



ರಕ್ತನಾಳ ಕಟ್ಟಿಕೊಂಡು ಬರುವ ಲಕ್ವ ನಿಮಗೆಲ್ಲ ಗೊತ್ತು. ನಾಳ ಒಡೆದು ಬರುವುದೂ ಉಂಟು. ಮೆದುಳಿನ ಬುಡದ ಅಪಧಮನಿಯಲ್ಲಿ ಬಲೂನಿನಂತೆ ಉಬ್ಬಿದ ಜಾಗ ಒಡೆದರೆ ರಕ್ತ ಮೆದುಳಿನ ಸುತ್ತ ಹರಡುತ್ತದೆ. ಹಿಂದೆಂದೂ ಕಾಣದಂಥ ತಲೆನೋವು ಸಿಡಿಲಿನಂತೆ ಬರುತ್ತದೆ. ಆಗ ಮಾತ್ರೆ ನುಂಗಿ ಮಲಗಬೇಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ.

ವೈದ್ಯರು ಕ್ಲಿಪ್ ಅಥವಾ ಕಾಯಿಲ್ ಹಾಕಿ ಉಬ್ಬನ್ನು ಮುಚ್ಚುತ್ತಾರೆ. ರೋಗಿ ಮಾತಾಡುತ್ತಾರೆ, ಗಂಜಿ ಕುಡಿಯುತ್ತಾರೆ. ಐದನೆಯ ದಿನ ಮನೆಯವರು ಕೇಳುತ್ತಾರೆ: "ಗುಣವಾಯಿತಲ್ಲ, ಇನ್ನೂ ಐ.ಸಿ.ಯು. ಯಾಕೆ?" ಬಿಲ್ ಕಟ್ಟುವವರ ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡನೆಯ ಅಪಾಯದ ಕಾಲ ಶುರುವಾಗುವುದೇ ಆಗ.

ಚೆಲ್ಲಿದ ರಕ್ತ ಕೊಳೆಯುತ್ತಾ ಸುತ್ತಲಿನ ನಾಳಗಳನ್ನು ಕೆರಳಿಸುತ್ತದೆ. ಅವು ಸೆಳೆತುಕೊಂಡು ಕಿರಿದಾಗುತ್ತವೆ. 1951ರಲ್ಲಿ ಅಮೆರಿಕದ ಎಕ್ಕರ್ ಮತ್ತು ರೀಮೆನ್‌ಶ್ನೈಡರ್ ಎಂಬ ವೈದ್ಯರು ಇದನ್ನು ಎಕ್ಸ್‌ರೇ ಚಿತ್ರಗಳಲ್ಲಿ ತೋರಿಸಿದರು. ಸಾಮಾನ್ಯವಾಗಿ 4ರಿಂದ 14ನೆಯ ದಿನದವರೆಗೆ ಈ ಭಯ ಹೆಚ್ಚು. ನಾಳ ಕಿರಿದಾದ ಎಲ್ಲರಿಗೂ ಹಾನಿಯಾಗುವುದಿಲ್ಲ. ಕಿರಿದಾಗದ ಕೆಲವರಿಗೂ ಆಗುತ್ತದೆ. ಕಾರಣ ಒಂದೇ ಅಲ್ಲ.

ಲೆಕ್ಕ ಕೇಳಿ. 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಬೇಕು. 20ಕ್ಕಿಂತ ಇಳಿದರೆ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ, 10ಕ್ಕಿಂತ ಇಳಿದರೆ ಬೇಗನೆ ಸಾಯುತ್ತವೆ. ಈ ಎರಡರ ನಡುವೆ ಅವು ಮೂಕವಾಗಿದ್ದರೂ ಬದುಕಿರುತ್ತವೆ. ಚಿಕಿತ್ಸೆಗೆ ಇರುವ ಅವಕಾಶ ಅಷ್ಟೇ.

ಆದ್ದರಿಂದ ಹಾಸಿಗೆಯ ಪಕ್ಕ ಕೂತವರ ಕಣ್ಣು ಬಹಳ ಮುಖ್ಯ. ನಿನ್ನೆ ಮಕ್ಕಳ ಹೆಸರು ಸರಿಯಾಗಿ ಹೇಳಿದವರು ಇಂದು ತಡವರಿಸಿದರೆ, ಮಂಪರು ಹೆಚ್ಚಿದರೆ, ಒಂದು ಕೈ ಸೋತರೆ, "ಸುಸ್ತಾಗಿರಬೇಕು" ಎನ್ನದೆ ತಕ್ಷಣ ನರ್ಸ್‌ಗೆ ಹೇಳಿ.

ನಿಮೋಡಿಪಿನ್ ಎಂಬ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ 60 ಮಿ.ಗ್ರಾಂ.ನಂತೆ 21 ದಿನ ಕೊಡುತ್ತಾರೆ. ನಡುರಾತ್ರಿಯದೂ ತಪ್ಪಬಾರದು. ರಕ್ತದೊತ್ತಡ ಕುಸಿದರೆ ಪ್ರಮಾಣ ಬದಲಿಸುವುದು ವೈದ್ಯರ ಕೆಲಸ. ಇನ್ನೊಂದು ಸಂಗತಿ ಮನೆಯವರನ್ನು ಗಾಬರಿಗೊಳಿಸುತ್ತದೆ: ಬಿ.ಪಿ. ಇಳಿಸಿ ಎನ್ನುತ್ತಿದ್ದ ವೈದ್ಯರೇ ಔಷಧಿ ಕೊಟ್ಟು ಅದನ್ನು ಏರಿಸುತ್ತಾರೆ! ಉಬ್ಬು ಮುಚ್ಚಿದ ಮೇಲೆ, ಕಿರಿದಾದ ನಾಳದಲ್ಲಿ ರಕ್ತ ಮುಂದೆ ಸಾಗಲೆಂದು ಹೀಗೆ ಮಾಡುವುದುಂಟು.

ದಿನ ಎಣಿಸುವುದು ಆಸ್ಪತ್ರೆಗೆ ಸೇರಿದಂದಿನಿಂದಲ್ಲ, ತಲೆನೋವು ಬಂದಂದಿನಿಂದ. ಆ ದಿನ ಮತ್ತು ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ.